ಟರ್ಬೊ ಕಾರಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್

ಕೇಳುಗರಿಗೆ ನಮಸ್ಕಾರ. ಪೆಟ್ರೋಲ್ ಕಾರಿಗೆ ದೊಡ್ಡ ಟರ್ಬೊ ಹಾಕಿಸಿದವರಿಗೆ, ಬೂಸ್ಟ್ ಏರಿಸಿದವರಿಗೆ, ಆ ಕೆಲಸ ಮಾಡಿಕೊಡುವ ತುಮಕೂರು ಸುತ್ತಲಿನ ಮೆಕ್ಯಾನಿಕ್‌ಗಳಿಗೆ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸುವ ಬಗ್ಗೆ ಇವತ್ತಿನ ಮಾತು.

ಕಂಪನಿಯಿಂದ ಬಂದ ಸಾಮಾನ್ಯ ಆಕ್ಸಿಜನ್ ಸೆನ್ಸರ್ ನೆಟ್ಟಗೆ ಅಳೆಯುವುದು ಲ್ಯಾಂಬ್ಡಾ 1, ಅಂದರೆ ಗಾಳಿ-ಪೆಟ್ರೋಲ್ ಸರಿಯಾದ ಅನುಪಾತದಲ್ಲಿರುವ ಮಟ್ಟದ ಆಸುಪಾಸು ಮಾತ್ರ. ಅಲ್ಲಿಂದ ಆಚೆ ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಪೂರ್ತಿ ಬೂಸ್ಟ್‌ನಲ್ಲಿ ಸಾಮಾನ್ಯವಾಗಿ 0.78ರಿಂದ 0.82ರ ಲ್ಯಾಂಬ್ಡಾ ಬೇಕು, ಅಂದರೆ ಪೆಟ್ರೋಲ್ ಸ್ವಲ್ಪ ಹೆಚ್ಚೇ ಇರಬೇಕು. ಅದು 0.9ಕ್ಕೆ ಜಾರಿದರೂ ಹಳೆಯ ಸೆನ್ಸರ್ ಪೆಟ್ರೋಲ್ ಹೆಚ್ಚಿದೆ ಎಂದೇ ತೋರಿಸುತ್ತಿರುತ್ತದೆ. ಅಷ್ಟರಲ್ಲಿ ಒಳಗೆ ನಾಕಿಂಗ್, ಅಂದರೆ ಇಂಧನ ಹದ ತಪ್ಪಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿಗೆ ಅಪಾಯ ಬಂದಿರುತ್ತದೆ. ವೈಡ್‌ಬ್ಯಾಂಡ್ ಈ ಅಂಕಿಯನ್ನು ಕೊಡುತ್ತದೆ. ಆದರೆ ಕೂರಿಸಿದ ಜಾಗ ತಪ್ಪಿದರೆ ಅಂಕಿಯೂ ತಪ್ಪು. ಹಾಗಾಗಿ ಅಂಕಿ ತೋರಿಸುವ ಮೀಟರಿನ ಬೆಲೆಗಿಂತ, ಸೆನ್ಸರನ್ನು ತಿರುಗಿಸಿ ಕೂರಿಸುವ ಥ್ರೆಡ್ ಇರುವ ಬುಶ್ ಎಲ್ಲಿ ವೆಲ್ಡ್ ಆಗುತ್ತದೆ ಎನ್ನುವುದೇ ದೊಡ್ಡ ವಿಷಯ.

ಟರ್ಬೊಗಿಂತ ಮುಂಚೆ, ಮ್ಯಾನಿಫೋಲ್ಡ್‌ನಲ್ಲಿ ಹಾಕಲೇಬಾರದು. ಅಲ್ಲಿ ಶಾಖ ವಿಪರೀತ, ಒತ್ತಡದಿಂದ ರೀಡಿಂಗೂ ಕೆಡುತ್ತದೆ. ಟರ್ಬೊ ದಾಟಿದ ಮೇಲೆ ಡೌನ್‌ಪೈಪ್‌ನಲ್ಲಿ, ಎರಡರಿಂದ ಮೂರು ಅಡಿ ದೂರದಲ್ಲಿ, ಕ್ಯಾಟಲಿಟಿಕ್ ಕನ್ವರ್ಟರಿಗೆ ಮೊದಲು ಜಾಗ ನೋಡಿ. ಗಡಿಯಾರದ ಮುಖ ನೆನಪಿಟ್ಟುಕೊಂಡು ಪೈಪಿನ ಮೇಲ್ಭಾಗದಲ್ಲಿ ಹತ್ತು ಗಂಟೆಯಿಂದ ಎರಡು ಗಂಟೆಯೊಳಗೆ ಕೂರಿಸಬೇಕು. ಅಡ್ಡವಾಗಿ ಕೂರಿಸಬೇಕಾಗಿ ಬಂದರೂ ವೈರ್ ಇರುವ ಹಿಂಭಾಗ ಕನಿಷ್ಠ 10 ಡಿಗ್ರಿ ಮೇಲಕ್ಕಿರಲಿ. ತಣ್ಣಗಿನ ಪೈಪಿನಲ್ಲಿ ಬೆಳಿಗ್ಗೆ ನೀರು ಕೂಡಿರುತ್ತದೆ. ಬಾಷ್ ಎಲ್‌ಎಸ್‌ಯು 4.9 ಸೆನ್ಸರಿನ ಒಳಗಿನ ಸೆರಾಮಿಕ್ ಸುಮಾರು 780 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ. ಅದರ ಮೇಲೆ ಒಂದು ಹನಿ ಬಿದ್ದರೆ, ಉರಿಯುವ ಲಾಟೀನಿನ ಗಾಜಿಗೆ ನೀರು ಸಿಡಿದ ಹಾಗೆ ಬಿರುಕು ಬಿಡುತ್ತದೆ.

ಬುಶ್ಶಿನ ಥ್ರೆಡ್ ಎಂ18, 1.5 ಪಿಚ್. ಲೇತ್‌ನಲ್ಲಿ ಮಾಡಿಸುವುದಾದರೆ ಇದೇ ಅಳತೆ ಹೇಳಿ. ಡೌನ್‌ಪೈಪ್ ಬಿಚ್ಚಿ, ಕಾರಿನಿಂದ ಹೊರಗಿಟ್ಟು ವೆಲ್ಡ್ ಮಾಡಿಸುವುದು ಒಳ್ಳೆಯದು. ಕಾರಿನಲ್ಲೇ ಮಾಡಿಸಬೇಕಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನ ಕನೆಕ್ಟರನ್ನೂ ತೆಗೆಯಿರಿ. ಸ್ಟೇನ್‌ಲೆಸ್ ಪೈಪಾದರೆ ಟಿಗ್ ವೆಲ್ಡಿಂಗ್. ವೆಲ್ಡ್ ಮಾಡುವಾಗ ಬುಶ್ಶಿನೊಳಗೆ ಹಳೆಯ ಬೋಲ್ಟೊಂದನ್ನು ತಿರುಗಿಸಿಟ್ಟರೆ ಬಿಸಿಗೆ ಥ್ರೆಡ್ ಸೊಟ್ಟಗಾಗುವುದಿಲ್ಲ. ಸೆನ್ಸರನ್ನೇ ಆ ಬೋಲ್ಟಿನ ಬದಲು ಇಟ್ಟು ವೆಲ್ಡ್ ಮಾಡಿದರೆ ಹೊಸ ಸೆನ್ಸರ್ ಅಲ್ಲೇ ಹಾಳು. ಆರಿದ ಮೇಲೆ ಟ್ಯಾಪ್ ಆಡಿಸಿ, ಥ್ರೆಡ್‌ಗೆ ಮಾತ್ರ ಸ್ವಲ್ಪ ಆ್ಯಂಟಿ-ಸೀಜ್ ಸವರಿ, 22ರ ಸ್ಪ್ಯಾನರ್‌ನಲ್ಲಿ 40ರಿಂದ 60 ನ್ಯೂಟನ್ ಮೀಟರ್ ಬಿಗಿ ಮಾಡಿ. ತುದಿಯ ರಂಧ್ರಗಳಿಗೆ ಗ್ರೀಸಿನ ಬೆರಳೂ ತಾಗಬಾರದು. ಹತ್ತಿರದ ಜಾಯಿಂಟುಗಳಿಗೆ ಸಾಮಾನ್ಯ ಸಿಲಿಕೋನ್ ಪೇಸ್ಟ್ ಬೇಡ, ಅದರ ಆವಿ ಸೆನ್ಸರಿಗೆ ವಿಷ.

ವೈರಿಂಗ್‌ನಲ್ಲಿ ಕರೆಂಟನ್ನು ಇಗ್ನಿಷನ್ ಆನ್ ಆದಾಗ ಮಾತ್ರ ಬರುವ ಲೈನಿನಿಂದ, ಮೀಟರಿನ ಜೊತೆ ಬಂದ ಕಾಗದದಲ್ಲಿ ಹೇಳಿದ ಫ್ಯೂಸ್ ಹಾಕಿ ತೆಗೆದುಕೊಳ್ಳಿ. ಕೀ ತಿರುಗಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಮಾಡಿ, ಸುಮ್ಮನೆ ಕೀ ಆನ್ ಇಟ್ಟುಕೊಂಡು ಕೂರಬೇಡಿ. ಸೆನ್ಸರಿನ ಕನೆಕ್ಟರ್ ಕತ್ತರಿಸಿ ವೈರ್ ಜೋಡಿಸುವವರಿದ್ದಾರೆ. ಆ ಕನೆಕ್ಟರೊಳಗೇ ಆಯಾ ಸೆನ್ಸರಿಗೆ ಹೊಂದಿಸಿದ ರೆಸಿಸ್ಟರ್ ಇರುತ್ತದೆ, ಅದು ಹೋದರೆ ಲೆಕ್ಕವೆಲ್ಲ ತಪ್ಪು. ಇಸಿಯುಗೆ ಸಿಗ್ನಲ್ ಕೊಡುವುದಾದರೆ ಮೀಟರಿನ ಅರ್ತ್ ಮತ್ತು ಇಸಿಯು ಅರ್ತ್ ಒಂದೇ ಜಾಗದಲ್ಲಿರಲಿ. ಸಿಗ್ನಲ್ ಒಂದು ವೋಲ್ಟ್ ಏರಿದರೆ ಅನುಪಾತ ಸುಮಾರು 2.4 ಅಂಶ ಏರುವ ಮೀಟರಿನಲ್ಲಿ, ಅರ್ತ್ ದೋಷದಿಂದ 0.1 ವೋಲ್ಟ್ ವ್ಯತ್ಯಾಸ ಬಂದರೂ ಗಾಳಿ-ಪೆಟ್ರೋಲ್ ಅನುಪಾತ 0.24ರಷ್ಟು ಸುಳ್ಳು ಹೇಳುತ್ತದೆ. ಮೀಟರಿನ ಅಂಕಿಯನ್ನೂ ಲ್ಯಾಪ್‌ಟಾಪಿನ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಂಪನಿಯ ಸೆನ್ಸರನ್ನು ಅದರ ಜಾಗದಲ್ಲೇ ಬಿಡಿ. ಮೀಟರ್ ಕೆಟ್ಟು ರಿಪೇರಿಗೆ ಹೋದರೆ ವೈಡ್‌ಬ್ಯಾಂಡ್ ಸೆನ್ಸರ್ ಬಿಚ್ಚಿ ಬುಶ್ಶಿಗೆ ಬೋಲ್ಟ್ ಹಾಕಿ. ಕರೆಂಟಿಲ್ಲದ ಸೆನ್ಸರ್ ಹೊಗೆಯಲ್ಲಿದ್ದರೆ ಮಸಿ ಕಟ್ಟಿ ಸಾಯುತ್ತದೆ.

ಇಂಧನದ ವಿಷಯ ಗೊಂದಲದ್ದು. ಶುದ್ಧ ಪೆಟ್ರೋಲಿಗೆ ಸರಿಯಾದ ಗಾಳಿ-ಇಂಧನ ಅನುಪಾತ 14.7, ಈಗ ಬಂಕ್‌ಗಳಲ್ಲಿ ಸಿಗುವ, ಶೇಕಡಾ 20 ಎಥನಾಲ್ ಬೆರೆತ ಇ20ಗೆ ಸುಮಾರು 13.5. ಆದರೆ ಪೆಟ್ರೋಲ್ ಅಳತೆಯ ಮೀಟರ್ ಯಾವ ಇಂಧನವಿದ್ದರೂ ಲ್ಯಾಂಬ್ಡಾ 1ಕ್ಕೆ 14.7 ಎಂದೇ ತೋರಿಸುತ್ತದೆ. ಮೀಟರಿನಲ್ಲಿ 13.5 ಬರಲಿ ಎಂದು ಪೆಟ್ರೋಲ್ ಹೆಚ್ಚಿಸಿದರೆ ಅದು ಲ್ಯಾಂಬ್ಡಾ 0.92, ಸುಮ್ಮನೆ ಇಂಧನ ಸುರಿದಂತೆ. ಮೀಟರನ್ನು ಲ್ಯಾಂಬ್ಡಾಗೇ ಇಟ್ಟುಕೊಳ್ಳಿ, ಈ ತಲೆನೋವೇ ಇಲ್ಲ.

ಪರೀಕ್ಷೆಗೆ ದೇವರಾಯನದುರ್ಗದ ಇಳಿಜಾರು ಚೆನ್ನಾಗಿದೆ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಧನ ನಿಲ್ಲುತ್ತದೆ, ಮೀಟರ್ ಗಾಳಿ ಹೆಚ್ಚು ಎನ್ನುವ ತುದಿಗೆ ಹೋಗಬೇಕು. ಹೋಗದಿದ್ದರೆ ಸೆನ್ಸರ್ ಅಥವಾ ವೈರಿಂಗ್ ನೋಡಿ. ಪೂರ್ತಿ ಬೂಸ್ಟಿನ ಪರೀಕ್ಷೆ ಮಾತ್ರ ರಸ್ತೆಯಲ್ಲಿ ಬೇಡ, ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಡೈನೋ ಯಂತ್ರದ ಮೇಲೆ ಮಾಡಿಸಿ.

ಐಡಲ್‌ನಲ್ಲಿ ಮೀಟರ್ ಪೆಟ್ರೋಲ್ ಕಡಿಮೆ ಎಂದು ತೋರಿಸಿ, ಎಂಜಿನ್ ಚೆನ್ನಾಗಿಯೇ ಓಡುತ್ತಿದ್ದರೆ ಮೊದಲ ಅನುಮಾನ ಎಂಜಿನ್ ಮತ್ತು ಸೆನ್ಸರಿನ ನಡುವಿನ ಜಾಯಿಂಟಿನ ಸೋರಿಕೆಯ ಮೇಲೆ. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಒಬ್ಬರು ಸೈಲೆನ್ಸರ್ ತುದಿಗೆ ದಪ್ಪ ಬಟ್ಟೆ ಅದುಮಿ ಹಿಡಿಯಲಿ, ಇನ್ನೊಬ್ಬರು ಜಾಯಿಂಟುಗಳಿಗೆ ಸೋಪಿನ ನೀರು ಹಾಕಲಿ. ಗುಳ್ಳೆ ಬಂದಲ್ಲಿ ಗ್ಯಾಸ್ಕೆಟ್ ಬದಲಿಸಿ. ಬೂಸ್ಟಿನಲ್ಲಿ ಎಂಜಿನ್ ತಡವರಿಸಿ ಅದೇ ಹೊತ್ತಿಗೆ ಅಂಕಿ ಮೇಲೆ ಹಾರಿದರೆ ಅದು ಮಿಸ್‌ಫೈರ್. ಉರಿಯದ ಆಮ್ಲಜನಕವನ್ನೇ ಸೆನ್ಸರ್ ಎಣಿಸಿರುತ್ತದೆ. ಆಗ ಪ್ಲಗ್ ಗ್ಯಾಪ್ ಮತ್ತು ಕಾಯಿಲ್ ನೋಡಿ, ಸರಿಪಡಿಸಿದ ಮೇಲೂ ಅಂಕಿ ಇಳಿಯದಿದ್ದರೆ ಮಾತ್ರ ಪೆಟ್ರೋಲ್ ಮ್ಯಾಪಿಗೆ ಕೈ ಹಾಕಿ. ನಮಸ್ಕಾರ.