ಇನ್ನೊಂದು ಗುಂಪು ಎಲ್ಲಿ?

ಎಲ್ಲರಿಗೂ ನಮಸ್ಕಾರ. ಈ ಸಭೆಯಲ್ಲಿ ಠಾಣೆ ನಡೆಸುವವರಿದ್ದೀರಿ, ಕೋರ್ಟಿನಲ್ಲಿ ವಾದಿಸುವವರಿದ್ದೀರಿ, ಹಾಗಾಗಿ ಪೀಠಿಕೆ ಬೇಡ. ‘ದಂಡಂ ದಶಗುಣಂ’ ಅನ್ನುತ್ತೇವಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಹುಡುಗ ದಾರಿ ತಪ್ಪಿದನೋ, ಒಂದು ಸಲ ಚೆನ್ನಾಗಿ ಹೆದರಿಸಿ, ಸರಿಹೋಗುತ್ತಾನೆ. ಯಾರ ಮನೆಯಲ್ಲಿ ಈ ಮಾತು ಕೇಳಿಲ್ಲ?

ಅಮೆರಿಕದವರೂ ಇದನ್ನೇ ನಂಬಿದ್ದರು. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್ವೇ ಜೈಲಿನಲ್ಲಿ ಜೀವಾವಧಿ ಕೈದಿಗಳೇ ಒಂದು ಕಾರ್ಯಕ್ರಮ ಶುರು ಮಾಡಿದರು. ಪುಂಡ ಹುಡುಗರನ್ನು ಒಳಗೆ ಕರೆಸುವುದು, ಎದುರು ನಿಂತು ಅಬ್ಬರಿಸುವುದು, ಜೈಲಿನ ಬದುಕು ಎಂಥದೆಂದು ಬಿಡಿಸಿ ಹೇಳುವುದು. ಕೈದಿಗಳ ಮನಸ್ಸು ಒಳ್ಳೆಯದೇ: ನಮ್ಮ ಗತಿ ಈ ಮಕ್ಕಳಿಗೆ ಬರಬಾರದು. ಇದರ ಮೇಲೆ ತೆಗೆದ ಸಾಕ್ಷ್ಯಚಿತ್ರಕ್ಕೆ 1979ರಲ್ಲಿ ಆಸ್ಕರ್ ಬಂತು. ಚಿತ್ರದಲ್ಲಿದ್ದ 17 ಮಕ್ಕಳಲ್ಲಿ 16 ಮಂದಿ ಮೂರು ತಿಂಗಳು ನೆಟ್ಟಗಿದ್ದಾರೆ ಎಂದರು. ಇನ್ನೇನು ಬೇಕು? ಒಂದರ ಹಿಂದೊಂದು ರಾಜ್ಯ ನಕಲು ಮಾಡಿತು.

ರಟ್ಗರ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಫಿಂಕನಾವರ್ ಹೋಗದಿದ್ದ ಮಕ್ಕಳನ್ನೂ ಹುಡುಕಿ ಲೆಕ್ಕ ಹಾಕಿದರು. ಆರು ತಿಂಗಳಲ್ಲಿ, ಜೈಲಿಗೆ ಹೋಗದವರಲ್ಲಿ ಶೇ. 11 ಮಂದಿ ಮತ್ತೆ ಅಪರಾಧ ಮಾಡಿದ್ದರು. ಹೋಗಿ ಹೆದರಿ ಬಂದವರಲ್ಲಿ? ಶೇ. 41! ಗುಂಪು ಹಂಚಿದ ರೀತಿ ಸರಿಯಿಲ್ಲವೆಂದು ತಕರಾರು ಬಂತು, ಬರಬೇಕಾದದ್ದೇ. ಆದರೆ 2002ರಲ್ಲಿ ಸಂಶೋಧಕ ಪೆಟ್ರೊಸಿನೊ ಮತ್ತು ಜೊತೆಗಾರರು ಇಂಥ ಒಂಬತ್ತು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಉತ್ತರ ಅದೇ: ಏನೂ ಮಾಡದೆ ಸುಮ್ಮನಿದ್ದಿದ್ದರೆ ಆ ಮಕ್ಕಳಿಗೆ ಒಳ್ಳೆಯದಾಗುತ್ತಿತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಎಷ್ಟು ಮಕ್ಕಳನ್ನು ಕೆಡಿಸಿದ್ದೇವೋ.

ಆದ್ದರಿಂದ ಯಾರಾದರೂ ಯೋಜನೆ ಗೆದ್ದಿತು ಎಂದರೆ ಕೇಳಿ: ಇನ್ನೊಂದು ಗುಂಪು ಎಲ್ಲಿ?

ಇದು ಪರದೇಶದ ಮಾತಷ್ಟೇ ಅಲ್ಲ. ಮಧ್ಯಪ್ರದೇಶದಲ್ಲಿ 180 ಠಾಣೆಗಳನ್ನು ಆರಿಸಿ, ಕೆಲವಕ್ಕೆ ಮಹಿಳಾ ಸಹಾಯ ಕೇಂದ್ರ ಕೊಟ್ಟು, ಉಳಿದವನ್ನು ಇದ್ದ ಹಾಗೇ ಬಿಟ್ಟು ಹೋಲಿಸಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಸಹಾಯ ಕೇಂದ್ರವಿದ್ದಲ್ಲಿ, ಅದರಲ್ಲೂ ಮಹಿಳಾ ಅಧಿಕಾರಿಯೇ ನಡೆಸಿದ ಕಡೆ, ಹೆಂಗಸರ ಮೇಲಿನ ದೌರ್ಜನ್ಯದ ಕೇಸು ದಾಖಲಾಗುವುದು ಹೆಚ್ಚಾಯಿತು. ಗಮನಿಸಿ, ಹೆಚ್ಚಾಗಿದ್ದೇ ಗೆಲುವು! ನಮ್ಮ ಪತ್ರಿಕೆಗಳು ಇದನ್ನೇ ‘ಅಪರಾಧ ಏರಿಕೆ’ ಎಂದು ಬರೆದಾವು. ಬಾಗಿಲಲ್ಲೇ ವಾಪಸು ಹೋಗುತ್ತಿದ್ದ ಹೆಂಗಸಿನ ಕೈಗೆ ಎಫ್‌ಐಆರ್ ಪ್ರತಿ ಸಿಕ್ಕಿತು, ನಡೆದದ್ದು ಅಷ್ಟು.

ಚೀಟಿ ಬಂದಿದೆ, ಐದು ನಿಮಿಷವಂತೆ. ಅಮೆರಿಕದ ಕಾನ್ಸಾಸ್ ಸಿಟಿಯ 1972-73ರ ಪೊಲೀಸ್ ಗಸ್ತು ಪ್ರಯೋಗವನ್ನು ಒಂದೇ ಮಾತಲ್ಲಿ ಮುಗಿಸುತ್ತೇನೆ. 15 ಬೀಟ್‌ಗಳಲ್ಲಿ, ಅಂದರೆ ಗಸ್ತು ಪ್ರದೇಶಗಳಲ್ಲಿ, ಐದರಲ್ಲಿ ಕಾರಿನ ಗಸ್ತು ನಿಲ್ಲಿಸಿದರು, ಐದರಲ್ಲಿ ಎರಡು ಮೂರು ಪಟ್ಟು ಮಾಡಿದರು, ಐದನ್ನು ಹಾಗೇ ಬಿಟ್ಟರು. ಅಪರಾಧದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಜನರಿಗೆ ಗೊತ್ತೂ ಆಗಲಿಲ್ಲ.

ಕೊನೆಗೆ ಇಲ್ಲಿರುವ ಪೊಲೀಸ್ ಅಧಿಕಾರಿಗಳಲ್ಲಿ ಒಂದು ಬೇಡಿಕೆ. ರೌಡಿ ಪರೇಡ್ ಮಾಡುತ್ತೀರಿ. ಮುಂದಿನ ಸಲ ಪಟ್ಟಿಯಲ್ಲಿರುವವರ ಹೆಸರುಗಳ ಚೀಟಿ ಎತ್ತಿ, ಅರ್ಧ ಜನರನ್ನಷ್ಟೇ ಕರೆಯಿರಿ. ಆರು ತಿಂಗಳು ಬಿಟ್ಟು ಎರಡೂ ಗುಂಪಿನ ಕೇಸುಗಳನ್ನು ಎಣಿಸಿ. ಪುಸ್ತಕ ನಿಮ್ಮ ಠಾಣೆಯಲ್ಲೇ ಇದೆ. ಎಣಿಸಲು ಜನ ಬೇಕಾದರೆ ನಾನೂ ನನ್ನ ವಿದ್ಯಾರ್ಥಿಗಳೂ ಬರುತ್ತೇವೆ.