ಕಟ್ಟು ಬಿಚ್ಚುವ ಮೊದಲು ಒಳಗೇನಿದೆ ನೋಡಿ: ಟರ್ಮಿನಲ್‌ನಲ್ಲಿ ಟಾರ್ ಮತ್ತು ಜಿಪ್

[ದೃಶ್ಯ: ಹೆಂಚಿನ ಮಾಡಿನ ಮೇಲೆ ಮಳೆ, ಕಿಟಕಿಯ ಪಕ್ಕದಲ್ಲಿ ಲ್ಯಾಪ್‌ಟಾಪ್]

ನಮಸ್ಕಾರ. ಮಡಿಕೇರಿಯಲ್ಲಿ ಮಳೆ ಹಿಡಿದಿದೆ, ಕರೆಂಟು ಬಂದು ಹೋಗಿ ಮಾಡುತ್ತಿದೆ. ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರ ರೈಟರ್, ದಿನಕ್ಕೆ ಎಷ್ಟು ಇಂಚು ಮಳೆಯಾಯಿತೆಂದು ಹತ್ತು ವರ್ಷ ಬರೆದಿಟ್ಟ ಲೆಕ್ಕವನ್ನು ‘ಮಳೆ ಡಾಟ್ ಟಾರ್ ಡಾಟ್ ಜಿಝೆಡ್’ ಎಂಬ ಒಂದೇ ಫೈಲಿನಲ್ಲಿ ಕಳುಹಿಸಿದ್ದಾರೆ.

ಈ ಹೆಸರಿನ ಬಾಲದಲ್ಲಿ ಎರಡು ಬೇರೆ ಕೆಲಸಗಳಿವೆ. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ 1979ರ 7ನೇ ಆವೃತ್ತಿಯಲ್ಲಿ ಬಂದ ಟಾರ್, ಫೈಲುಗಳನ್ನು ಮ್ಯಾಗ್ನೆಟಿಕ್ ಟೇಪಿಗೆ ಸಾಲಾಗಿ ತುಂಬಲು ಹುಟ್ಟಿದ್ದು. ಅದು ಕಟ್ಟು ಕಟ್ಟುತ್ತದೆಯೇ ಹೊರತು ಕುಗ್ಗಿಸುವುದಿಲ್ಲ. ಕುಗ್ಗಿಸುವುದು 1992ರಲ್ಲಿ ಬಂದ ಜಿ-ಜಿಪ್‌ನ ಕೆಲಸ.

[ತೆರೆಯ ಮೇಲೆ: ಟಾರ್, ಸ್ಪೇಸ್, ಹೈಫನ್, ಟಿ, ಎಫ್, ಸ್ಪೇಸ್, ಫೈಲಿನ ಹೆಸರು]

ಮೊದಲು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಲ್ಲಿ, ಸಣ್ಣ ಅಕ್ಷರದ ಟಿ ಕೊಟ್ಟು ಒಳಗಿನ ಪಟ್ಟಿಯನ್ನಷ್ಟೇ ನೋಡಿ. ಲಿನಕ್ಸ್‌ನ ಟಾರ್, ಕಟ್ಟು ಬಿಚ್ಚುವಾಗ ಅದೇ ಹೆಸರಿನ ಹಳೆಯ ಫೈಲು ನಿಮ್ಮಲ್ಲಿದ್ದರೆ ಒಂದು ಮಾತೂ ಕೇಳದೆ ಅದರ ಮೇಲೆಯೇ ಬರೆದುಬಿಡುತ್ತದೆ. ಜಿಪ್ ಎಂಬ ಬೇರೆ ಬಗೆಯ ಕಟ್ಟನ್ನು ಬಿಚ್ಚುವ ಅನ್‌ಜಿಪ್ ಆದರೋ ಕೇಳಿಯೇ ಮುಂದುವರಿಯುತ್ತದೆ. ಆದ್ದರಿಂದ ಹೊಸ ಫೋಲ್ಡರ್ ಮಾಡಿಕೊಂಡು, ಟಿ ಇದ್ದಲ್ಲಿ ಎಕ್ಸ್ ಹಾಕಿ, ಕೊನೆಯಲ್ಲಿ ಹೈಫನ್ ಮತ್ತು ದೊಡ್ಡ ಅಕ್ಷರದ ಸಿ ಕೊಟ್ಟು ಆ ಫೋಲ್ಡರಿನ ಹೆಸರನ್ನು ಬರೆಯಿರಿ. ಕುಗ್ಗಿಸಿದ ಬಗೆ ಯಾವುದೆಂದು ಈಗಿನ ಟಾರ್ ತಾನೇ ಗುರುತಿಸುವುದರಿಂದ, ಹಳೆಯ ಪಾಠಗಳಲ್ಲಿ ಕಾಣುವ ಝೆಡ್ ಅಕ್ಷರ ಬೇಕಿಲ್ಲ. ಬರೀ ಜಿಝೆಡ್ ಬಾಲವಿರುವ ಫೈಲಿಗೆ ಜಿ-ಅನ್‌ಜಿಪ್ ಸಾಕು. ಅದು ಬಿಚ್ಚಿದ ಮೇಲೆ ಮೂಲವನ್ನು ಅಳಿಸುತ್ತದೆ, ಉಳಿಸಿಕೊಳ್ಳಬೇಕಾದರೆ ಹೈಫನ್ ಕೆ ಸೇರಿಸಿ.

[ತೆರೆಯ ಮೇಲೆ: ‘ಅನ್‌ಎಕ್ಸ್‌ಪೆಕ್ಟೆಡ್ ಎಂಡ್ ಆಫ್ ಫೈಲ್’]

ನನಗೆ ಬಂದದ್ದು ಈ ಸಂದೇಶ. ಡೌನ್‌ಲೋಡ್ ನಡುವೆ ಕರೆಂಟು ಹೋಗಿ ಫೈಲಿನ ಬಾಲ ತುಂಡಾಗಿತ್ತು. ಗಾಬರಿಯಾಗಬೇಕಿಲ್ಲ: ಟೇಪಿನ ಕಾಲದ ಸಾಲು ಜೋಡಣೆ ಇಲ್ಲಿ ಕೈಹಿಡಿಯುತ್ತದೆ, ತುಂಡಾದ ಜಾಗದವರೆಗಿನ ಫೈಲುಗಳು ಹೊರಬರುತ್ತವೆ, ಕೊನೆಯದೊಂದು ಮಾತ್ರ ಅರ್ಧ ಆಗಿರಬಹುದು. ಜಿಪ್ ಫೈಲಿನ ಪಟ್ಟಿ ಇರುವುದೇ ಅದರ ಕೊನೆಯಲ್ಲಿ. ಬಾಲ ಹೋದರೆ ಪಟ್ಟಿಯೂ ಹೋಗಿ, ದುರಸ್ತಿ ಮಾಡದೆ ಅನ್‌ಜಿಪ್ ಮುಂದಕ್ಕೆ ಹೋಗುವುದಿಲ್ಲ.

ಫೈಲು ಪೂರ್ತಿ ಬಂದಿದೆಯೇ ಎಂದು ತಿಳಿಯಲು ಬಿಚ್ಚುವ ಮೊದಲೇ ‘ಜಿ-ಜಿಪ್ ಹೈಫನ್ ಟಿ’ ಕೊಡಬಹುದಿತ್ತು, ನಾನು ಕೊಟ್ಟಿರಲಿಲ್ಲ. ಏಳು ವರ್ಷಗಳ ಮಳೆ ಸಿಕ್ಕಿತು, ಉಳಿದ ಮೂರಕ್ಕೆ ರೈಟರಿಗೆ ಮತ್ತೆ ಫೋನ್ ಮಾಡಿದೆ.