ಬಿಟ್ಟಿ ಕ್ಲಿನಿಕ್ಕಿಗೆ ಕೇಳೋರಿಲ್ವಾ?

ನಮಸ್ಕಾರ, ಚೆನ್ನಾಗಿದ್ದೀರಾ? ನಾನು ಸಿಟ್ಟಲ್ಲಿದ್ದೇನೆ. ಸರ್ಕಾರದ ಉಚಿತ 'ನಮ್ಮ ಕ್ಲಿನಿಕ್'ಗಳಲ್ಲಿ ಎಡವಟ್ಟಾದರೆ ರೋಗಿಗೆ ಪರಿಹಾರ ಸಿಗಬೇಕು ಅಂತ ಮಾಡಿದ ಎಪಿಸೋಡಿಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಬಿಟ್ಟಿ ಚಿಕಿತ್ಸೆ ತಗೊಳ್ಳೋರಿಗೆ ಪರಿಹಾರ ಬೇರೆ ಕೇಡು." ಅದಕ್ಕೆ ರಾಶಿ ಲೈಕು!

ಸ್ವಾಮಿ, ಬಿಟ್ಟಿ ಯಾವುದು? ಸೋಪು ಕೊಂಡರೂ ತೆರಿಗೆ ಕಟ್ಟುತ್ತೇವೆ. ನಾನು ಹೇಳುವುದು ಇಷ್ಟೇ. ಸರ್ಕಾರಿ ದುಡ್ಡಲ್ಲಿ ನಡೆಯುವ ಪ್ರತಿ ಕ್ಲಿನಿಕ್ಕಿಗೂ, ಟೇಪು ಕತ್ತರಿಸುವ ಮೊದಲೇ, ವಿಮೆ ಇರಬೇಕು. ಎಡವಟ್ಟಾದರೆ ರೋಗಿಗೆ ದುಡ್ಡು ಎಲ್ಲಿಂದ ಬರುತ್ತದೆ ಅಂತ ಬರೆದಿಟ್ಟಿರಬೇಕು.

"ಗ್ರಾಹಕ ಕೋರ್ಟ್ ಇದೆಯಲ್ಲ" ಅಂತೀರಾ? 1995ರ ವಿ.ಪಿ. ಶಾಂತಾ ತೀರ್ಪು ನೋಡಿ. ಎಲ್ಲರನ್ನೂ ಉಚಿತವಾಗಿ ನೋಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯಿಂದ ಹೊರಗೆ ಎಂದಿತು ಸುಪ್ರೀಂ ಕೋರ್ಟ್. ತೆರಿಗೆ ಕಟ್ಟಿದ್ದು ಫೀಸು ಕೊಟ್ಟ ಹಾಗಾಗುವುದಿಲ್ಲವಂತೆ. ತಮಾಷೆ ಇನ್ನೂ ಇದೆ. ಕೆಲವರ ಹತ್ತಿರ ದುಡ್ಡು ತಗೊಂಡು, ಬಡವರನ್ನು ಉಚಿತವಾಗಿ ನೋಡುವ ಆಸ್ಪತ್ರೆ ಇದೆ ಅಂದುಕೊಳ್ಳಿ. ಅಲ್ಲಿನ ಬಡವರು ಗ್ರಾಹಕ ಕೋರ್ಟಿಗೆ ಹೋಗಬಹುದು. ಎಲ್ಲರಿಗೂ ಉಚಿತ ಅಂದರೆ ಯಾರೂ ಹೋಗುವ ಹಾಗಿಲ್ಲ!

ಉಳಿದದ್ದು ಸಿವಿಲ್ ಕೋರ್ಟು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಒಬ್ಬ ಬಾಣಂತಿಗೆ ಸಂತಾನಹರಣ ಆಪರೇಷನ್ ಮಾಡಿ, ಹೊಟ್ಟೆಯೊಳಗೆ ಬಟ್ಟೆ ಬಿಟ್ಟರು. ಆಕೆ ಸತ್ತರು. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಯಾವಾಗ? 1996ರಲ್ಲಿ. ಆ ಮಗು ಅಷ್ಟರಲ್ಲಿ ಮೂವತ್ತು ದಾಟಿರಬೇಕು.

(ಇಲ್ಲಿ ಸ್ವಲ್ಪ ನೀರು ಕುಡಿಯುತ್ತೇನೆ. ನೀವು ಅಷ್ಟರಲ್ಲಿ ಸಬ್‌ಸ್ಕ್ರೈಬ್ ಮಾಡಿ.)

ಸರ್ಕಾರಕ್ಕೆ ಈ ವಿಮೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಇವತ್ತು ಅದೇ ಸಂತಾನಹರಣ ಆಪರೇಷನ್ನಿಗೆ 2005ರಿಂದ ಇಂಥದ್ದೇ ಯೋಜನೆ ಇದೆ! 2013ರ ಕೈಪಿಡಿಯಲ್ಲಿ ಆಸ್ಪತ್ರೆಯಲ್ಲಿ ಅಥವಾ ಮನೆಗೆ ಕಳಿಸಿದ ಏಳು ದಿನದೊಳಗೆ ಸತ್ತರೆ 2 ಲಕ್ಷ, ಆಪರೇಷನ್ ಫೇಲಾದರೆ 30 ಸಾವಿರ ಅಂತ ಇತ್ತು. ಡಾಕ್ಟರಿಗೂ ರಕ್ಷಣೆ ಇದೆ. ಮಕ್ಕಳಾಗದ ಹಾಗೆ ಮಾಡುವುದಕ್ಕೆ ವಿಮೆ ಉಂಟು. ಆದ ಮಗುವಿಗೆ ತಪ್ಪು ಇಂಜೆಕ್ಷನ್ ಕೊಟ್ಟರೆ? ಯಾರಾದರೂ ಮಂತ್ರಿ ಬಂದು ಘೋಷಣೆ ಮಾಡಬೇಕು. ಅದೂ ಟಿವಿಯವರು ಬಂದಿದ್ದರೆ!

ಅಮೆರಿಕದಲ್ಲಿ 1992ರಲ್ಲೇ ಕಾನೂನು ಮಾಡಿದರು. ಅಲ್ಲಿನ ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸಮುದಾಯ ಆರೋಗ್ಯ ಕೇಂದ್ರ ಅರ್ಜಿ ಹಾಕಿ ಒಪ್ಪಿಗೆ ಪಡೆದರೆ, ಅದರ ಡಾಕ್ಟರು ಕೇಸಿನ ಮಟ್ಟಿಗೆ ಕೇಂದ್ರ ನೌಕರರಿದ್ದ ಹಾಗೆ. ದಾವೆ ಸರ್ಕಾರದ ಮೇಲೆ. ಸುಮ್ನೆ ಏನಲ್ಲ. ಡಾಕ್ಟರ ಸರ್ಟಿಫಿಕೇಟ್ ಪರಿಶೀಲಿಸಿದ್ದೇವೆ, ತಪ್ಪಾಗದ ಹಾಗೆ ನೋಡಿಕೊಳ್ಳುತ್ತಿದ್ದೇವೆ ಅಂತ ವರ್ಷಾ ವರ್ಷ ತೋರಿಸಬೇಕು.

"ವಿಮೆ ಇದ್ದರೆ ಡಾಕ್ಟರಿಗೆ ಅಸಡ್ಡೆ ಜಾಸ್ತಿ ಆಗುತ್ತದೆ" ಅಂತ ಇನ್ನೊಬ್ಬ ಮಹಾನುಭಾವರು. ನಿಮ್ಮ ಸ್ಕೂಟರಿಗೆ ವಿಮೆ ಇದೆಯಲ್ಲ, ದಿನಾ ಡಿವೈಡರಿಗೆ ಗುದ್ದುತ್ತೀರಾ?

"ದುಡ್ಡೆಲ್ಲಿದೆ" ಅನ್ನುವವರಿಗೆ ನನ್ನ ಹತ್ತಿರ ಉತ್ತರವೇ ಇಲ್ಲ. ಫ್ಲೆಕ್ಸಿಗೆ ಇದೆ, ಉದ್ಘಾಟನೆಯ ಶಾಮಿಯಾನಕ್ಕೆ ಇದೆ, ಪೇಟಕ್ಕೆ ಇದೆ, ಹಾರಕ್ಕೆ ಇದೆ! ವಿಮೆ ಮಾಡಿಸಿ ಸ್ವಾಮಿ. ಮಾಡಿಸಿ ಅಷ್ಟೇ. ಯಾಕೆ ಅಂತ ಮತ್ತೆ ಕೇಳಬೇಡಿ, ನನಗೆ ಬಿಪಿ ಇದೆ. ಮುಂದಿನ ವಾರ ಜನೌಷಧಿ ಅಂಗಡಿ ಬಗ್ಗೆ ಮಾತಾಡೋಣ, ಬೆಲ್ ಐಕಾನ್ ಒತ್ತಿ.